ಸೋರೋ ಜಾಗ ಹುಡುಕಿ ಮೊದ್ಲು, ಪೌಡ್ರು ಡಬ್ಬಿ ಆಮೇಲೆ

ಈಗಷ್ಟೇ ಮಂಡ್ಯದಿಂದ ಮೈಸೂರಿಗೆ ವಾಪಸ್ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ. ನಮ್ಮ ಭಾವನ ಕಾರಿಗೆ ಯುಗಾದಿ ಹೊತ್ತಲ್ಲಿ ಹೊಸ ರೇಡಿಯೇಟರ್ ಹಾಕ್ಸಿದ್ರು. ಕಂಪನಿದಲ್ಲ, ಹೊರಗಡೆದು. ವರ್ಷ ತುಂಬಿಲ್ಲ, ಆಗ್ಲೇ ಸೋರ್ತಿದೆ. ಗ್ಯಾರೇಜ್ ಹುಡುಗ ಬಾನೆಟ್ ಎತ್ತಿ ಒಂದ್ಸಲ ಇಣುಕಿದ ಅಷ್ಟೇ, ಟಾರ್ಚ್ ಕೂಡ ಬಿಡ್ಲಿಲ್ಲ, "ಏನೂ ಆಗಕಿಲ್ಲ ಕಣಣ್ಣ, ಲೀಕೇಜ್ ಪೌಡ್ರು ಹಾಕ್ಬುಡ್ತೀನಿ, ನಿಂತೋಯ್ತದೆ" ಅಂದ. ರೇಡಿಯೇಟರ್ ನೀರಿಗೆ ಬೆರೆಸಿದ್ರೆ ಸೋರೋ ತೂತು ಮುಚ್ಚತ್ತೆ ಅಂತ ಹಾಕೋ ಪೌಡ್ರು ಅದು. ಎಲ್ಲಿ ಸೋರ್ತಿದೆಯಪ್ಪಾ ಅಂದ್ರೆ "ರೇಡಿಯೇಟರಲ್ಲೇ ಅಣ್ಣ." ರೇಡಿಯೇಟರಲ್ಲಿ ಎಲ್ಲಿ? ಅದಕ್ಕೆ ಉತ್ತರ ಇಲ್ಲ.

ಟಾರ್ಚ್ ಇಸ್ಕೊಂಡು ನಾನೇ ಬಗ್ಗಿ ನೋಡಿದೆ. ಈಗಿನ ರೇಡಿಯೇಟರ್‌ಗೆ ನಡುವೆ ಅಲ್ಯೂಮಿನಿಯಂ ಕೋರ್ (ಸಣ್ಣ ಸಣ್ಣ ಟ್ಯೂಬ್‌ಗಳ ಜಾಲರಿ), ಎರಡು ತುದೀಲಿ ಪ್ಲಾಸ್ಟಿಕ್ ಟ್ಯಾಂಕ್, ಮಧ್ಯ ಒಂದು ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಲ್ಯೂಮಿನಿಯಂ ಹಲ್ಲುಗಳನ್ನ ಸುತ್ತ ಬಗ್ಗಿಸಿ ಬಿಗಿ ಮಾಡಿರ್ತಾರೆ. ಆ ಹಲ್ಲಿನ ಸಾಲಲ್ಲಿ ಎಡಗಡೆ ಕೆಳಮೂಲೇಲಿ ಗುಲಾಬಿ ಬಣ್ಣದ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಒಣಗಿ ಹಕ್ಕಳೆ ಕಟ್ಟಿದೆ, ಉಗುರಲ್ಲಿ ಕೆರೆದ್ರೆ ಉದುರತ್ತೆ, ಕೆಳಗಡೆ ಇನ್ನೂ ಹಸಿ. ಇಂಜಿನ್ ಬಿಸಿ ಇರುವಾಗ ಬರೋ ಹನಿ ಅಲ್ಲೇ ಆವಿಯಾಗಿ ಹೋಗತ್ತೆ, ನೆಲದ ಮೇಲೆ ಒಂದು ತೊಟ್ಟೂ ಬೀಳಲ್ಲ. ಅದಕ್ಕೇ ಭಾವ ಇಷ್ಟು ದಿನ "ಎಲ್ಲೂ ಲೀಕ್ ಇಲ್ಲ, ಆದ್ರೂ ಕೂಲೆಂಟ್ ಕಮ್ಮಿ ಆಗ್ತಿದೆ" ಅಂತ ತಲೆ ಕೆಡಿಸ್ಕೊಂಡಿದ್ದು. ಈ ಜಾಗ ಸೋರಿದ್ರೆ ಪೌಡ್ರೂ ನಿಲ್ಸಲ್ಲ, ಎಂ-ಸೀಲೂ ನಿಲ್ಸಲ್ಲ, ಯಾಕಂದ್ರೆ ಬಿಸಿಗೆ ಪ್ಲಾಸ್ಟಿಕ್ ಹಿಗ್ಗೋದೇ ಬೇರೆ ಲೆಕ್ಕ, ಅಲ್ಯೂಮಿನಿಯಂ ಹಿಗ್ಗೋದೇ ಬೇರೆ ಲೆಕ್ಕ, ದಿನಾ ಹಿಗ್ಗಿ ಕುಗ್ಗಿ ಅದು ಮತ್ತೆ ಬಾಯಿ ಬಿಡತ್ತೆ. ಬದಲಾಯಿಸ್ಬೇಕು ಅಷ್ಟೇ.

ನಮ್ಮಪ್ಪ ಕಬ್ಬಿನ ಲಾರಿ ಓಡಿಸ್ತಿದ್ದದ್ದು ಇಲ್ಲಿರೋ ಹಳೇ ಸ್ನೇಹಿತರಿಗೆಲ್ಲ ಗೊತ್ತು. ಮೈಷುಗರ್ ಸಕ್ಕರೆ ಫ್ಯಾಕ್ಟರಿ ಗೇಟ್ ಮುಂದೆ ಲಾರಿ ನಿಲ್ಸಿ ರೇಡಿಯೇಟರ್ ಬಿಚ್ಚಿಸ್ಕೊಂಡು ಬೆಸುಗೆ ಹಾಕೋರ ಹತ್ರ ಹೋಗೋರು, ಜೊತೇಲಿ ನಾನೂ. ಆಗಿಂದು ತಾಮ್ರ ಹಿತ್ತಾಳೆ ರೇಡಿಯೇಟರ್. ಅವರು ಎಲ್ಲಾ ಬಾಯಿನೂ ಮುಚ್ಚಿ ನೀರಿನ ತೊಟ್ಟೀಲಿ ಮುಳುಗಿಸಿ ಗಾಳಿ ಬಿಡೋರು, ಗುಳ್ಳೆ ಎದ್ದ ಕಡೆ ಮೊಳೆಯಲ್ಲಿ ಗೀರಿ ಗುರುತು ಮಾಡೋರು, ಆಮೇಲೇ ಬೆಸುಗೆ. ಆ ಬೆಸುಗೆ ಹಾಕೋನು ಓದು ಬರಹ ಇಲ್ದಿರೋ ಮನುಷ್ಯ, ಸೋರೋ ಜಾಗ ಕಣ್ಣಲ್ಲಿ ನೋಡದೇ ಕೈ ಹಾಕ್ತಿರ್ಲಿಲ್ಲ. ಈಗ ಅಲ್ಯೂಮಿನಿಯಂಗೆ ಆ ಬೆಸುಗೆ ಹಿಡಿಯಲ್ಲ ಸರಿ, ಆದ್ರೆ ಹುಡುಕೋದಕ್ಕೇನು? ಪ್ರೆಶರ್ ಟೆಸ್ಟ್ ಪಂಪ್ ಅಂತ ಬರತ್ತೆ, ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ಜಾಗದಲ್ಲಿ ಕೂರಿಸಿ ಕೈಯಲ್ಲೇ ಒತ್ತಿದ್ರೆ ಆಯ್ತು, ಪಂಪಿನ ಮೀಟರ್ ಮುಳ್ಳು ಇಳೀತಿದ್ರೆ ಲೀಕ್ ಇದೆ, ಎಲ್ಲಿದೆ ಅಂತ ಅಲ್ಲೇ ಕಾಣತ್ತೆ. ಹೋಸ್ ಕ್ಲಿಪ್ಪೇ ಸಡಿಲ ಇರಬಹುದು, ವಾಟರ್ ಪಂಪೇ ಸೋರ್ತಿರಬಹುದು.

ಇನ್ನು ಕ್ಯಾಪ್ ವಿಷಯ, ಯಾರೂ ನೋಡೋದೇ ಇಲ್ಲ. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರತ್ತೆ. ಅಷ್ಟು ಒತ್ತಡ ಹಿಡಿದಿಟ್ರೇನೇ ಅರ್ಧ ಕೂಲೆಂಟ್ ಅರ್ಧ ನೀರಿನ ಮಿಶ್ರಣ ಸುಮಾರು 120 ಡಿಗ್ರಿವರೆಗೂ ಕುದಿಯದೇ ಇರೋದು. ಹಳೇ ಕ್ಯಾಪ್ ವಾಲ್ವ್ ಜಾಮ್ ಆಗಿದ್ರೆ ಒತ್ತಡ ಹೊರಗೆ ಹೋಗಲ್ಲ, ಹೊಸ ರೇಡಿಯೇಟರ್ ಜಾಯಿಂಟೇ ಬಿಟ್ಕೊಳ್ಳತ್ತೆ. ಭಾವನ ಕಾರಲ್ಲಿ ರೇಡಿಯೇಟರ್ ಹೊಸದು, ಕ್ಯಾಪ್ ಹಳೇದು. ಅದನ್ನೂ ನೋಡಿಲ್ಲ! ಮೇಲಿಂದ ಬೋರ್ ನೀರು ತುಂಬಿಸಿದಾರೆ. ನಮ್ಮ ಕಡೆ ಬೋರ್ ನೀರು ಹೆಂಗಿದೆ ಅಂತ ಹಂಡೆ ತಳದಲ್ಲಿ ಕಟ್ಟೋ ಬಿಳಿ ಪದರ ನೋಡಿದೋರಿಗೆ ಹೇಳ್ಬೇಕಾ, ಅದೇ ಪದರ ಆ ಸಣ್ಣ ಟ್ಯೂಬ್‌ಗಳ ಒಳಗೂ ಕಟ್ಟತ್ತೆ, ಅದರ ಮೇಲೆ ಪೌಡ್ರು ಬೇರೆ ಹೋಗಿ ಕೂತ್ರೆ ಲೀಕ್ ನಿಲ್ಲೋದಕ್ಕಿಂತ ಮುಂಚೆ ಟ್ಯೂಬೇ ಕಟ್ಕೊಳ್ಳತ್ತೆ.

ಕೆಲವರು ಹೇಳ್ತಾರೆ, ಪಾಪ ಬಾಡಿಗೆ ಗಾಡಿ ಓಡಿಸೋರು, ಇಎಂಐ ಕಟ್ಟೋರು, ಕಂಪನಿ ರೇಡಿಯೇಟರ್‌ಗೆ ಎಲ್ಲಿಂದ ತರ್ತಾರೆ ದುಡ್ಡು ಅಂತ. ನಾನೂ ಅಂಥಾ ಮನೆಯಿಂದಲೇ ಬಂದೋನು, ಆ ಕಷ್ಟ ಗೊತ್ತು. ಅವರ ಪರವಾಗೇ ಹೇಳ್ತಿದೀನಿ. ಕೂಲೆಂಟ್ ಖಾಲಿಯಾಗಿ ಇಂಜಿನ್ ಹೀಟ್ ಆದ್ರೆ ಇಂಜಿನ್ ಮೇಲಿನ ಮುಚ್ಚಳದಂಥ ಹೆಡ್ ಬಾಗತ್ತೆ, ಅದರಡಿಯ ಗ್ಯಾಸ್ಕೆಟ್ ಹೋಗತ್ತೆ, ಕೂಲೆಂಟ್ ಆಯಿಲ್ ಜೊತೆ ಬೆರೆತು ಆಯಿಲ್ ಕ್ಯಾಪ್ ಬಿಚ್ಚಿದ್ರೆ ಒಳಗೆ ಹಾಲಿನ ಕೆನೆ ಥರ ಬಂದಿರತ್ತೆ. ಆ ಖರ್ಚಿನ ಮುಂದೆ ರೇಡಿಯೇಟರ್ ಏನೇನೂ ಅಲ್ಲ, ಜೊತೆಗೆ ಗಾಡಿ ಗ್ಯಾರೇಜಲ್ಲಿ ನಿಂತಷ್ಟು ದಿನ ದುಡಿಮೆನೂ ಇಲ್ಲ. ರಾತ್ರಿ ಹೊತ್ತು ಹೆಂಗೋ ಮನೆ ಸೇರ್ಬೇಕು ಅಂದ್ರೆ ಪೌಡ್ರು ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಅದನ್ನೇ ರಿಪೇರಿ ಅಂತ ಬಿಲ್ ಮಾಡಿ ಕಳಿಸ್ಬೇಡಿ.

ಹೊರಗಡೆ ರೇಡಿಯೇಟರ್ ಎಲ್ಲಾ ಕೆಟ್ಟದ್ದು ಅಂತಾನೂ ಹೇಳ್ತಿಲ್ಲ. ಕಾರ್ ಕಂಪನಿಗಳಿಗೇ ಮಾಲು ಕೊಡೋರು ತಮ್ಮದೇ ಹೆಸರಲ್ಲೂ ಅಂಗಡಿಗೆ ಕೊಡ್ತಾರೆ, ಧಾರಾಳವಾಗಿ ಹಾಕ್ಸಿ. ಡಬ್ಬದ ಮೇಲೆ ಮಾಡಿದೋರ ಹೆಸರೇ ಇಲ್ದಿರೋದನ್ನ "ಕಂಪನಿದಷ್ಟೇ ಚೆನ್ನಾಗಿರ್ತದೆ" ಅಂತ ತಗಲಾಕೋದು ಮಾತ್ರ ಬೇಡ. ಭಾವನ ಬಿಲ್ಲಲ್ಲಿ ಇರೋದು "ರೇಡಿಯೇಟರ್ 1" ಅಂತ. ಯಾರು ಮಾಡಿದ್ದು, ವಾರಂಟಿ ಎಷ್ಟು, ಏನೂ ಇಲ್ಲ, ಈಗ ಯಾರ ಹತ್ರ ಹೋಗಿ ಕೇಳೋದು?

2023ರಲ್ಲಿ ಹೊಸ ಬೆಂಗಳೂರು-ಮೈಸೂರು ಹೈವೇ ಶುರುವಾದ ಮೇಲಂತೂ ಇದು ಇನ್ನೂ ಡೇಂಜರ್. ಬೆಂಗಳೂರು ಕಡೆಗೆ ಒಂದೇ ಸಮನೆ ನೂರರಲ್ಲಿ ಹೋಗ್ತೀವಿ, ಎರಡೂ ಕಡೆ ಬೇಲಿ, ಗ್ಯಾರೇಜ್ ಇರೋದು ಸರ್ವಿಸ್ ರೋಡಲ್ಲಿ. ಎಷ್ಟೋ ಸಣ್ಣ ಕಾರುಗಳಲ್ಲಿ ಈಗ ಟೆಂಪರೇಚರ್ ಮುಳ್ಳೂ ಇಲ್ಲ, ಬರೀ ಒಂದು ಕೆಂಪು ಲೈಟು, ಅದು ಹತ್ತೋ ಹೊತ್ತಿಗೆ ಕಥೆ ಮುಗಿದಿರಬಹುದು. ನಮ್ಮಕ್ಕ ಮಕ್ಕಳು ಅದೇ ಕಾರಲ್ಲಿ ಓಡಾಡೋದು, ಅದಕ್ಕೇ ಗ್ಯಾರೇಜಲ್ಲಿ ನನ್ನ ಗಂಟಲು ಜೋರಾಯ್ತು.

ಪೌಡ್ರು ಹಾಕೋಕೆ ಬಿಡ್ಲಿಲ್ಲ, ಗಾಡಿ ಅಲ್ಲೇ ನಿಲ್ಸಿ ಬಂದಿದೀನಿ. ಮಂಡ್ಯ ಇಲ್ಲ ಮೈಸೂರು ಕಡೆ ಪ್ರೆಶರ್ ಟೆಸ್ಟ್ ಪಂಪ್ ಇಟ್ಕೊಂಡು, ನಮ್ಮೆದುರೇ ಲೀಕ್ ತೋರಿಸಿ, ಹಾಕೋ ಪಾರ್ಟ್ ಹೆಸರನ್ನ ಬಿಲ್ಲಲ್ಲಿ ಬರೆದುಕೊಡೋ ಗ್ಯಾರೇಜ್ ಯಾವುದಾದ್ರೂ ಗೊತ್ತಿದ್ರೆ ಕಾಮೆಂಟಲ್ಲಿ ಹಾಕ್ರಪ್ಪಾ, ನಾಳೆ ಬೆಳಿಗ್ಗೆನೇ ಟೋ ಮಾಡಿಸ್ತೀನಿ.