ಸತ್ತವರಿಗೆ ಇ-ಜನ್ಮ

ಕರ್ನಾಟಕದಲ್ಲಿ ಯಾರಾದರೂ ಸತ್ತರೆ ಅವರ ಹೆಸರನ್ನು ಸರ್ಕಾರ ಏರಿಸುವ ತಂತ್ರಾಂಶದ ಹೆಸರು ‘ಇ-ಜನ್ಮ’. ಪುನರ್ಜನ್ಮ ಉಂಟೋ ಇಲ್ಲವೋ ಎಂದು ಪಂಡಿತರು ಸಾವಿರಾರು ವರ್ಷ ತಲೆ ಚಚ್ಚಿಕೊಂಡರು. ಇಲಾಖೆ ಒಂದೇ ಲಾಗಿನ್ನಿನಲ್ಲಿ ಬಗೆಹರಿಸಿತು. ಆದರೆ ಈ ಜನ್ಮ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಹಳ್ಳಿಯಲ್ಲಿ ಸತ್ತು, ಸತ್ತು ಬಹಳ ಕಾಲವೂ ಆಗಿದ್ದರೆ, ಮೋಕ್ಷವೇ ಸುಲಭ.

ಸಾಯುವವರು ಮೊದಲು ಜಾಗ ನೋಡಿಕೊಳ್ಳಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ದಾಖಲಾಗುವುದು ಉಸಿರು ನಿಂತ ಜಾಗದಲ್ಲಿ, ಬಾಳಿದ ಊರಲ್ಲಲ್ಲ. ಎಪ್ಪತ್ತು ವರ್ಷ ಮಾಗಡಿ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆದವರು ಕೊನೆಯ ಮೂರು ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿ ಕಣ್ಣು ಮುಚ್ಚಿದರೆ ಅವರು ಬೆಂಗಳೂರಿನಲ್ಲಿ ಸತ್ತವರು. ಊರಿನ ಪುಸ್ತಕ ಎಷ್ಟು ತಿರುವಿದರೂ ಅಲ್ಲಿ ಅವರು ಸತ್ತಿರುವುದಿಲ್ಲ. ದಾರಿಯಲ್ಲಿ ಆಂಬುಲೆನ್ಸಿನೊಳಗೆ ಹೋದರಂತೂ ನಿಯಮ ಇನ್ನೂ ರಸವತ್ತಾಗಿದೆ: ಚಲಿಸುವ ವಾಹನದಲ್ಲಿ ಆದ ಸಾವನ್ನು ವಾಹನದ ಉಸ್ತುವಾರಿ ಹೊತ್ತವನು ಮೊದಲು ನಿಂತ ಜಾಗದಲ್ಲಿ ವರದಿ ಮಾಡಬೇಕು. ಹಾಗಾಗಿ ಡ್ರೈವರು ಟೀ ಕುಡಿಯಲು ಎಲ್ಲಿ ಬ್ರೇಕು ಹಾಕಿದ ಎಂಬುದನ್ನು ಮೊಮ್ಮಕ್ಕಳು ನೆನಪಿಟ್ಟಿರಬೇಕು.

ಜಾಗ ಸರಿಯಾಯಿತೆಂದರೆ ಕಾಲ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ಒಂದು ಪ್ರತಿಯೂ ಬಿಟ್ಟಿ. ಹಳ್ಳಿಯ ಲೆಕ್ಕದಲ್ಲಿ ಮೊದಲ ಹನ್ನೊಂದು ದಿನ ಸೂತಕ, ಆಮೇಲೆ ಸಮಾರಾಧನೆ, ಆಮೇಲೆ ಶಾಮಿಯಾನದವನ ಬಾಕಿ. ಉಳಿದ ವಾರದಲ್ಲಿ ಪಂಚಾಯಿತಿ ಕಾರ್ಯದರ್ಶಿಯನ್ನೋ ಗ್ರಾಮ ಲೆಕ್ಕಿಗರನ್ನೋ ಹಿಡಿಯಬೇಕು. ಲೆಕ್ಕಿಗರಿಗೀಗ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು. ಊರವರ ಬಾಯಲ್ಲಿ ಇಂದಿಗೂ ಶಾನುಭೋಗರೇ. ಶಾನುಭೋಗಿಕೆ ರದ್ದಾಗಿ ಅರವತ್ತು ವರ್ಷ ಕಳೆದಿದೆ, ಆದರೆ ಅದರ ಮರಣವೂ ಯಾವ ಪುಸ್ತಕಕ್ಕೂ ಏರಿದಂತಿಲ್ಲ. ತುಂಬಬೇಕಾದ್ದು ನಮೂನೆ 2. ಸತ್ತವರು ಎಷ್ಟು ವರ್ಷ ಬೀಡಿ ಸೇದಿದರು, ಎಷ್ಟು ವರ್ಷ ಹೊಗೆಸೊಪ್ಪು ಹಾಕಿದರು, ಎಷ್ಟು ವರ್ಷ ಅಡಿಕೆ ಅಗಿದರು, ಎಷ್ಟು ವರ್ಷ ಕುಡಿದರು ಎಂದು ಅದು ಬೇರೆ ಬೇರೆಯಾಗಿ ಕೇಳುತ್ತದೆ. ತಾಳಿ ತೆಗೆದು ವಾರವೂ ಆಗದ ಹೆಂಗಸು ಆ ಲೆಕ್ಕವನ್ನು ಮಾತ್ರ ಒಂದು ಚೂರೂ ತಡವರಿಸದೆ ಕೊಡುತ್ತಾಳೆ.

ಇಷ್ಟೆಲ್ಲ ಹೊಸ ಸಾವಿನ ಮಾತು. ಅಸಲಿ ಆಟವಿರುವುದು ಹಳೆಯ ಸಾವಿನಲ್ಲಿ. ತಾತ ಸತ್ತು ಐವತ್ತು ವರ್ಷವಾಗಿದೆ, ಜಮೀನು ಇನ್ನೂ ಅವರ ಹೆಸರಲ್ಲಿದೆ, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಬೇಕು, ಅದಕ್ಕೆ ಮರಣ ಪತ್ರ ಬೇಕು. ಅರ್ಜಿಯಲ್ಲಿ ತುಂಬಬೇಕಾದ ವಿವರಗಳಲ್ಲಿ ಮುಖ್ಯವಾದದ್ದು ಮರಣ ದಿನಾಂಕ.

“ಸತ್ತ ತಾರೀಕು ಹೇಳಮ್ಮ.”

“ಅದು ಗೊತ್ತಾಗ್ಲಿ ಅಂತಾನೇ ಸ್ವಾಮಿ ಸರ್ಟಿಫಿಕೇಟು ಕೇಳಾಕೆ ಬಂದಿರೋದು.”

“ತಾರೀಕಿಲ್ಲದೆ ಸರ್ಟಿಫಿಕೇಟು ಹುಡುಕಾಕಾಗಲ್ಲ.”

ಮನೆಯವರಿಗೆ ತಾರೀಕು ಗೊತ್ತಿರುವುದಿಲ್ಲ, ತಿಥಿ ಗೊತ್ತಿರುತ್ತದೆ. ವರ್ಷ ವರ್ಷ ಎಡೆ ಇಟ್ಟವರಲ್ಲವೇ? ರಾಕ್ಷಸ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ. ಇದು ಸುಳಿವಲ್ಲ, ಚಿನ್ನ. ರಾಕ್ಷಸ ಎಂದರೆ 1975ರ ಯುಗಾದಿಯಿಂದ 1976ರ ಯುಗಾದಿ. ಕಾರ್ತಿಕ ಬಂದದ್ದು 1975ರಲ್ಲಿ. ಮಾಘವೋ ಫಾಲ್ಗುಣವೋ ಆಗಿದ್ದರೆ 1976ರ ಪುಸ್ತಕ ತೆಗೆಸಬೇಕು. ಹಳೇ ಪಂಚಾಂಗ ಇಟ್ಟ ಪುರೋಹಿತರು ಇಂಗ್ಲಿಷ್ ತಾರೀಕನ್ನೂ ಹೇಳಿಬಿಡುತ್ತಾರೆ. ಸಾವು ಡಿಸೆಂಬರ್ ಕೊನೆಯಲ್ಲಿ ಆಗಿದ್ದರೆ ಮುಂದಿನ ವರ್ಷದ ಪುಸ್ತಕವನ್ನೂ ತಪ್ಪದೆ ನೋಡಿಸಬೇಕು. ಪುಸ್ತಕಕ್ಕೆ ಕ್ರಮಸಂಖ್ಯೆ ಬೀಳುವುದು ನೋಂದಣಿಯಾದ ಕ್ರಮದಲ್ಲಿ, ಸತ್ತ ಕ್ರಮದಲ್ಲಲ್ಲ. ಎಷ್ಟೋ ತಾತಂದಿರು ಒಂದು ವರ್ಷ ಸತ್ತು ಮುಂದಿನ ವರ್ಷದ ಪುಸ್ತಕದಲ್ಲಿ ನೆಮ್ಮದಿಯಾಗಿ ಕೂತಿದ್ದಾರೆ. ಈ ಕಾಯ್ದೆಗೆ ರಾಜ್ಯ ಮಾಡಿದ 1999ರ ನಿಯಮದಲ್ಲಿ ಹುಡುಕುವ ಶುಲ್ಕ ಮೊದಲ ವರ್ಷಕ್ಕೆ 2 ರೂಪಾಯಿ, ಮುಂದಿನ ಪ್ರತಿ ವರ್ಷಕ್ಕೂ 2 ರೂಪಾಯಿ ಇತ್ತು. ಬಸ್ ಚಾರ್ಜು ಯಾವ ನಿಯಮದಲ್ಲೂ ಇಲ್ಲ.

ಪುಸ್ತಕ ಎಲ್ಲಿದೆ? ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳು ನೋಂದಣಾಧಿಕಾರಿಯ ಬಳಿ, ಆಮೇಲೆ ಮೇಲಿನ ಕಚೇರಿಯ ಸುಪರ್ದಿಗೆ. ಹಳ್ಳಿ ಪುಸ್ತಕವಾದರೆ ತಾಲ್ಲೂಕು ಕಚೇರಿಯ ಅಭಿಲೇಖಾಲಯ, ಅಂದರೆ ರೆಕಾರ್ಡ್ ರೂಮು. ಇದು ಶಾಶ್ವತ ದಾಖಲೆ, ನಾಶಪಡಿಸುವಂತಿಲ್ಲ. ಈ ನಿಯಮವನ್ನು ಯಾರೂ ಗೆದ್ದಲಿಗೆ ಓದಿ ಹೇಳಿಲ್ಲ.

ತಾಲ್ಲೂಕು ಕಚೇರಿ ಎಂದರೆ ಯಾವುದು ಎಂಬುದೂ ಗಟ್ಟಿ ಪ್ರಶ್ನೆಯೇ. ಹನೂರಿನ ಕಡೆಯ ಒಂದು ಹಳ್ಳಿಯನ್ನೇ ನೋಡಿ. 1955ರಲ್ಲಿ ಅಲ್ಲಿ ಸತ್ತವರು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಸತ್ತವರು. 1956ರ ಕೊನೆಗೆ, ಹನೂರು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು. 1997ರಲ್ಲಿ ಜಿಲ್ಲೆ ಒಡೆದು ಚಾಮರಾಜನಗರವಾಯಿತು. ಆಮೇಲೆ ಹನೂರೇ ತಾಲ್ಲೂಕಾಯಿತು. ಗೋರಿ ಒಂದಡಿಯೂ ಕದಲಿಲ್ಲ. ಸತ್ತವರು ಎರಡು ರಾಜ್ಯ, ಮೂರು ಜಿಲ್ಲೆ, ಎರಡು ತಾಲ್ಲೂಕು ಸುತ್ತಿದ್ದಾರೆ. ಬದುಕಿದ್ದಾಗ ಮಾದಪ್ಪನ ಬೆಟ್ಟ ದಾಟಿದವರಲ್ಲ. ಹಾಗಾಗಿ ಅರ್ಜಿಯಲ್ಲಿ ಈಗಿನ ತಾಲ್ಲೂಕಿನ ಜೊತೆಗೆ ‘ಸಾವಿನ ಕಾಲದಲ್ಲಿ ಇಂಥ ತಾಲ್ಲೂಕು, ಇಂಥ ಹೋಬಳಿ’ ಎಂದು ಬರೆಯಲೇಬೇಕು. ಬರೆಯದಿದ್ದರೆ ಹೊಸ ಕಚೇರಿಯವರು ‘ನಮ್ಮಲ್ಲಿಲ್ಲ’ ಎಂದು ಬರೆದುಕೊಡುತ್ತಾರೆ, ಅದು ಅಪ್ಪಟ ಸತ್ಯವೂ ಆಗಿರುತ್ತದೆ.

ಆ ಬರೆದುಕೊಡುವ ಚೀಟಿಗೆ ಹಿಂಬರಹ ಎಂದು ಹೆಸರು. ಜನ ಸೋಲುವುದು ಇಲ್ಲೇ. ‘ಪುಸ್ತಕ ಹುಡುಕಲಾಗಿದೆ, ಸದರಿ ಮರಣ ನೋಂದಣಿಯಾಗಿಲ್ಲ’ ಎಂದಿದ್ದರೆ ಅದು ನಮೂನೆ 10ರ ಅಲಭ್ಯತಾ ಪತ್ರ. ಅದನ್ನು ಹಿಡಿದು ತಡ ನೋಂದಣಿಗೆ ಹೋಗಬಹುದು. ‘ಪುಸ್ತಕ ಶಿಥಿಲವಾಗಿದೆ, ಹುಡುಕಲು ಸಾಧ್ಯವಿಲ್ಲ’ ಎಂದು ಬರೆದರೆ ತಾತ ತ್ರಿಶಂಕು. ದಾಖಲಾಗಿದ್ದಾರೆ ಎನ್ನಲು ಹಾಳೆ ಇಲ್ಲ; ದಾಖಲಾಗಿಲ್ಲ ಎನ್ನಲು ಅಧಿಕಾರಿಗೆ ಧೈರ್ಯವಿಲ್ಲ. ಹಿಂಬರಹ ಕೈಗೆ ಬಂದ ತಕ್ಷಣ ಕೌಂಟರಿನ ಎದುರಿಗೇ ನಿಂತು ಕ್ರಿಯಾಪದ ಓದಿ. ಕನ್ನಡ ವ್ಯಾಕರಣ ಕಲಿತದ್ದಕ್ಕೆ ಜೀವಮಾನದಲ್ಲಿ ಸಿಗುವ ಏಕೈಕ ಲಾಭ ಅದು.

ಪುಸ್ತಕದಲ್ಲಿ ಹೆಸರು ಸಿಕ್ಕಿತೆನ್ನಿ. ಅಜ್ಜಿಯದಾದರೆ ಅಲ್ಲಿ ‘ತಿಮ್ಮಕ್ಕ ಕೋಂ ಲೇಟ್ ಕರಿಯಪ್ಪ’, ಅಂದರೆ ಕರಿಯಪ್ಪನ ಹೆಂಡತಿ, ಎಂದಿದೆ, ಪಹಣಿಯಲ್ಲಿ ತಿಮ್ಮಮ್ಮ, ಮಗನ ಶಾಲೆಯ ಟಿಸಿಯಲ್ಲಿ ತಿಮ್ಮವ್ವ. ತಿದ್ದಬಹುದು, ಕಾಯ್ದೆಯ 15ನೇ ಕಲಮಿನಲ್ಲಿ ಅವಕಾಶವಿದೆ. ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಹೊಸದನ್ನು ಬರೆದು, ಸಹಿ ಹಾಕಿ, ತಾರೀಕು ಹಾಕುತ್ತಾರೆ. ಅಂದರೆ ತಪ್ಪೂ ಶಾಶ್ವತ, ಸರಿಯೂ ಶಾಶ್ವತ. ತಿದ್ದುವ ಗೋಜು ಬೇಡವೆಂದರೆ ‘ಮೂವರೂ ಒಬ್ಬರೇ’ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಮೂವರೂ ಒಬ್ಬರೇ ಎನ್ನಿಸಿಕೊಳ್ಳಲು ದತ್ತಾತ್ರೇಯನಿಗೂ ನೋಟರಿ ಬೇಕಾಗಿರಲಿಲ್ಲ. ಹೇಗೆ ಸತ್ತರು ಎಂಬುದು ಪುಸ್ತಕದಲ್ಲಿದ್ದರೂ ನಕಲಿನಲ್ಲಿ ಕೊಡುವಂತಿಲ್ಲ, ಕಾಯ್ದೆಯೇ ತಡೆದಿದೆ. ಅದನ್ನು ಕೇಳಿ ಜಗಳ ಕಾಯಬೇಡಿ.

ಸಿಗಲಿಲ್ಲವೆನ್ನಿ. ಸಾವು ಒಂದು ವರ್ಷಕ್ಕಿಂತ ಹಳೆಯದಾದರೆ ಮೊದಲು ಒಂದನೇ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ, ಆ ವರ್ಷದ ಅಕ್ಟೋಬರ್ 1ರಿಂದ, ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದ್ದು. ಕರಿ ಕೋಟಿನ ಬಾಗಿಲು ಹೋಗಿ ಕಂದಾಯದ ಬಾಗಿಲು ಬಂತು. ಪುಸ್ತಕ ಕಳೆದವರೂ ಕಂದಾಯದವರೇ, ಸಾವು ನಿಜವೇ ಎಂದು ವಿಚಾರಿಸುವವರೂ ಅವರೇ. ಮನೆ ವ್ಯವಹಾರ ಮನೆಯೊಳಗೇ ಮುಗಿಯಲಿ ಎಂಬ ಸದುದ್ದೇಶ.

ವಿಚಾರಣೆಗೆ ಸಾಕ್ಷಿ ಬೇಕು. ಚಟ್ಟ ಹೊತ್ತವರೇ ಬಂದರೆ ಬಹಳ ಒಳ್ಳೆಯದು, ಆದರೆ ಐವತ್ತು ವರ್ಷದಲ್ಲಿ ಅವರನ್ನೂ ಬೇರೆಯವರು ಹೊತ್ತು ಮುಗಿಸಿದ್ದಾರೆ. ತಿಥಿ ಕಾರ್ಡು ಸಿಕ್ಕರೆ ದೇವರು ಸಿಕ್ಕಂತೆ: ‘ವೈಕುಂಠ ಸಮಾರಾಧನೆ’ ಎಂಬ ಶೀರ್ಷಿಕೆ, ಮೂಲೆಯಲ್ಲಿ ಪ್ರೆಸ್ಸಿನ ಹೆಸರು, ನಡುವೆ ದೈವಾಧೀನರಾದ ದಿನಾಂಕ. ಸಾವಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಇಷ್ಟು ಅಚ್ಚುಕಟ್ಟಾದ ದಾಖಲೆ ಇನ್ನೊಂದಿಲ್ಲ. ಊಟ ಹಾಕುವ ವಿಷಯವಾದ್ದರಿಂದ ಯಾರೂ ತಾರೀಕು ತಪ್ಪು ಮಾಡುವುದಿಲ್ಲ.

ಆದೇಶ ಬಂದು, ಇ-ಜನ್ಮದಲ್ಲಿ ತಾತ ಹುಟ್ಟಿ, ಕ್ಯೂಆರ್ ಕೋಡ್ ಸಮೇತ ಕೈಗೆ ಬಂದರು. ಮುಂದೆ ವಂಶವೃಕ್ಷ. ಅದರಲ್ಲಿ ಎಲ್ಲ ವಾರಸುದಾರರೂ ಬರಬೇಕು, ಸತ್ತ ವಾರಸುದಾರರ ಮರಣ ಪತ್ರವೂ ಬೇಕು. ದೊಡ್ಡ ಮಗ 1988ರಲ್ಲಿ ತೀರಿಕೊಂಡಿದ್ದಾರೆ. ಎಲ್ಲಿ ಎಂದರೆ, ಆಂಬುಲೆನ್ಸಿನಲ್ಲಿ. ಅದು ಮೊದಲು ಎಲ್ಲಿ ನಿಂತಿತು ಎಂದು ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ.

ಅಲ್ಲಿಯವರೆಗೆ ಪಹಣಿಯ 9ನೇ ಕಾಲಮ್ಮಿನಲ್ಲಿ, ಅಂದರೆ ಜಮೀನಿನ ಒಡೆಯರ ಜಾಗದಲ್ಲಿ, ತಾತ ಇರುತ್ತಾರೆ. ಸಾಗುವಳಿ ಬರೆಯುವ 12ರ ಪ್ರಕಾರ ಈ ಮುಂಗಾರಿಗೂ ರಾಗಿ ಬಿತ್ತಿದ್ದಾರೆ.