ಗೈರುಹಾಜರಾದ ತಂದೆಯವರ ಅಮೂಲ್ಯ ಸಹಿ

ಏಳು ವರ್ಷಗಳಿಂದ ಹೆಂಡತಿಗೂ ಮಗಳಿಗೂ ಮುಖ ತೋರಿಸದ ಮಹನೀಯರೊಬ್ಬರನ್ನು ನಮ್ಮ ಬಳಗದವರೆಲ್ಲ ಮೂರು ತಿಂಗಳಿಂದ ಭಕ್ತಿಯಿಂದ ಹುಡುಕುತ್ತಿದ್ದಾರೆ. ಅವರಿಂದ ಹಣವೂ ಬೇಕಾಗಿಲ್ಲ, ಕ್ಷಮೆಯೂ ಬೇಕಾಗಿಲ್ಲ. ಬೇಕಾಗಿರುವುದು ಒಂದೇ ಒಂದು ಸಹಿ. ಅವರು ಕೋರ್ಟಿಗೇ ಬಾರದ ಕಾರಣ ಅವರಿಂದ ಏಕಪಕ್ಷೀಯ ವಿಚ್ಛೇದನ ಪಡೆದಿದ್ದ ನಮ್ಮ ಸೋದರತ್ತೆಯ ಮೊಮ್ಮಗಳು ಮರುಮದುವೆಯಾಗಿದ್ದಾಳೆ. ಕೆನಡಾದಲ್ಲಿರುವ ಹೊಸ ಗಂಡ ಅವಳನ್ನೂ 9 ವರ್ಷದ ಮಗಳನ್ನೂ ಕರೆಸಿಕೊಳ್ಳಲು ಹೊರಟಿದ್ದಾನೆ. ಇಂಥ ಕಥೆ ನಿಮ್ಮ ಬಳಗದಲ್ಲೂ ಒಂದಾದರೂ ಇರುವುದರಿಂದ ಉಳಿದ ವಿವರ ಬೇಡ.

ಕೆನಡಾದ ವಲಸೆ ಅರ್ಜಿಯ ಕಟ್ಟಿನಲ್ಲಿ ಐಎಂಎಂ 5604 ಎಂಬ ನಮೂನೆಯೊಂದಿದೆ. ಮಗುವಿನ ಜೊತೆ ಹೊರಡದ ತಂದೆ ಅಥವಾ ತಾಯಿ ತಮ್ಮ ಒಪ್ಪಿಗೆಯನ್ನು ಅದರಲ್ಲಿ ಘೋಷಿಸಿ, ಭಾವಚಿತ್ರವೂ ಸಹಿಯೂ ಇರುವ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಬೇಕು. ಒಬ್ಬರ ಕಣ್ತಪ್ಪಿಸಿ ಇನ್ನೊಬ್ಬರು ಮಗುವನ್ನು ಗಡಿ ದಾಟಿಸದಿರಲಿ ಎಂಬುದು ಇದರ ಉದ್ದೇಶ. ಮಕ್ಕಳ ಅಪಹರಣವನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲವಾದ್ದರಿಂದ ಕೆನಡಾದವರ ಎಚ್ಚರಿಕೆಯನ್ನು ತಪ್ಪೆನ್ನುವಂತಿಲ್ಲ. ನಮ್ಮ ಮಹನೀಯರೂ ಸಹಿ ಹಾಕುತ್ತಿಲ್ಲ; ಬಹುಶಃ ಇದೂ ದೇಶಭಕ್ತಿಯ ಒಂದು ಬಗೆ.

ಮನೆಯಲ್ಲಿದ್ದು ಸಂಸಾರ ನಡೆಸುವ ತಂದೆಗೆ ಇಷ್ಟು ಬೆಲೆ ಎಲ್ಲಿದೆ ಹೇಳಿ! ಜೀವನಾಂಶದ ಸಮನ್ಸು ಮೂರು ಸಲ ಹೋದಾಗ ಅವರು ಸಿಗಲಿಲ್ಲ, ಶಾಲೆಯ ಶುಲ್ಕ ಕಟ್ಟುವಾಗ ಸಿಗಲಿಲ್ಲ, ಮಗಳಿಗೆ ಡೆಂಗಿ ಬಂದು ರಕ್ತದ ಪ್ಲೇಟ್‌ಲೆಟ್ ಹುಡುಕಿಕೊಂಡು ಅಲೆದ ರಾತ್ರಿಯಲ್ಲೂ ಸಿಗಲಿಲ್ಲ. ಆಗ ಯಾವ ನಮೂನೆಯೂ ಅವರನ್ನು ಕೇಳಲಿಲ್ಲ. ಸತ್ತಿದ್ದಾರೆಂದು ಭಾವಿಸೋಣವೆಂದರೆ, ಸಾಕ್ಷ್ಯದ ಕಾನೂನು ಆ ಅನುಕೂಲವನ್ನು ಏಳು ವರ್ಷ ಯಾರಿಗೂ ಸುದ್ದಿಯೇ ಇಲ್ಲದವರಿಗೆ ಮಾತ್ರ ಕೊಡುತ್ತದೆ. ಇವರೋ ಹೈಸ್ಕೂಲು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ದಿನವೂ ಗುಲಾಬಿ ಹೂವಿನೊಡನೆ ಶುಭೋದಯ ಕೋರುತ್ತಿದ್ದಾರಂತೆ.

ಹೊಸ ಗಂಡನನ್ನು ಕಡತದಲ್ಲಿ ಪ್ರಾಯೋಜಕ ಎನ್ನುತ್ತಾರೆ. ಆ ಪದ ಕೇಳಿದರೆ ನನಗೆ ಗಣೇಶೋತ್ಸವದ ಬ್ಯಾನರೇ ನೆನಪಾಗುತ್ತದೆ. ಅಲ್ಲಿ ಐನೂರು ರೂಪಾಯಿ ಕೊಟ್ಟವರಿಗೂ ಕೈಮುಗಿದು ನಿಂತ ಫೋಟೋದ ಭಾಗ್ಯವಿದೆ. ಇಲ್ಲಿ ಹೆಂಡತಿಯ ಖರ್ಚಿಗೆ 3 ವರ್ಷ, ಮಗುವಿನ ಖರ್ಚಿಗೆ 10 ವರ್ಷ ತಾನೇ ಹೊಣೆಯೆಂದು ಬರೆದುಕೊಡುವವನಿಗೆ ನಮ್ಮ ಕಾನೂನಿನಲ್ಲಿ ಸ್ಥಾನವೇ ಇಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆಯ 6ನೆಯ ಕಲಮು, ತಂದೆಯೆಂದರೆ ಮಲತಂದೆಯಲ್ಲ ಎಂದು ಮರೆಯದೆ ಹೇಳುತ್ತದೆ. ಅದೇ ಕಲಮಿನ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ. ‘ನಂತರ’ ಎಂದರೆ ಅವನು ಸತ್ತ ಮೇಲೆಯೇ ಆಗಬೇಕಿಲ್ಲ, ಅವನ ಗೈರುಹಾಜರಿಯಲ್ಲೂ ಆಗಬಹುದು ಎಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 1999ರಲ್ಲಿ. ಒಂದು ಪದದ ಅರ್ಥ ತಿಳಿಯಲು ನಲವತ್ತಮೂರು ವರ್ಷ ಹಿಡಿಯಿತು. ಹಳಗನ್ನಡದ ಟೀಕಾಕಾರರೂ ಇಷ್ಟು ನಿಧಾನಿಗಳಲ್ಲ.

ಪಾಸ್‌ಪೋರ್ಟಿನ ಕಥೆ ಬೇರೆ. ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು, ನೋಟರಿಯೂ ಬೇಡ, ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ ಕೊಟ್ಟರಾಯಿತು ಎಂದು 2016ರ ಡಿಸೆಂಬರಿನಲ್ಲೇ ಸರ್ಕಾರ ಪ್ರಕಟಿಸಿತು. ಇದನ್ನು ಓದಿಕೊಂಡು ಹೋದ ನಮ್ಮ ಹುಡುಗಿಗೆ ಕೌಂಟರಿನಲ್ಲಿ ಕುಳಿತವರು ನಯವಾಗಿ ಹೇಳಿದ ಮಾತು: “ಎಲ್ಲ ಸರಿ ಇದೆಯಮ್ಮ, ಆದರೂ ಅವರನ್ನು ಒಂದು ಸಲ ಕರೆದುಕೊಂಡು ಬಂದುಬಿಡಿ.”

ಮಗುವಿನ ಹೆಸರನ್ನೇ ಬಿಟ್ಟು ಮೊದಲು ನೀನು ಹೋಗು, ಆಮೇಲೆ ನೋಡೋಣ ಎಂದು ಸಲಹೆ ಕೊಟ್ಟ ಮಾವಂದಿರೂ ಇದ್ದಾರೆ. ಅರ್ಜಿಯಲ್ಲಿ ಹೆಸರಿಸದೆ, ವೈದ್ಯಕೀಯ ತಪಾಸಣೆ ಮಾಡಿಸದೆ ಬಿಟ್ಟ ಮಗುವನ್ನು ಮುಂದೆ ಕುಟುಂಬದವಳೆಂದು ಕರೆಸಿಕೊಳ್ಳುವ ಬಾಗಿಲು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ ಎಂಬುದು ಆ ಮಾವಂದಿರಿಗೆ ಗೊತ್ತಿಲ್ಲ.

ಕೊನೆಗೆ ಮಧ್ಯಸ್ಥರೊಬ್ಬರ ಮೂಲಕ ಮಹನೀಯರ ಉತ್ತರ ಬಂತು. ಸಹಿಗೆ ಎರಡು ಲಕ್ಷ. ಮಗಳು ಯಾವ ತರಗತಿಯಲ್ಲಿದ್ದಾಳೆಂದು ಅವನು ಕೇಳಲಿಲ್ಲ. ಏಳು ವರ್ಷ ಒಂದು ಹೊತ್ತಿನ ಹಾಲಿಗೂ ಆಗದವನ ಹೆಬ್ಬೆಟ್ಟಿಗೆ ಎರಡು ದೇಶಗಳು ಸೇರಿ ಈ ಬೆಲೆ ಕಟ್ಟಿಕೊಟ್ಟಿವೆ. ನನಗೆ ಇದರಲ್ಲಿ ತಮಾಷೆ ಹುಡುಕಿ ಸಾಕಾಗಿದೆ.

ಸಹಿ ಸಿಗದಿದ್ದರೆ ಕಾರಣವನ್ನು ವಿವರಿಸಿ ದಾಖಲೆ ಒದಗಿಸಬಹುದಂತೆ. ಹಾಗಾಗಿ ಜಾರಿಯಾಗದೆ ಹಿಂತಿರುಗಿದ್ದ ಆ ಮೂರು ಸಮನ್ಸುಗಳನ್ನೇ ಹುಡುಗಿ ಟ್ರಂಕಿನಿಂದ ತೆಗೆದಿದ್ದಾಳೆ. ಅವುಗಳ ಬೆನ್ನಿನ ಮೇಲೆ ‘ಸದರಿಯವರು ಮನೆ ಬಿಟ್ಟು ಹೋಗಿದ್ದಾರೆ’ ಎಂಬ ಷರಾ ಇದೆ. ಕನ್ನಡದ ದಾಖಲೆಯಾದ್ದರಿಂದ ಅನುವಾದವೂ ಅನುವಾದಕರ ಪ್ರಮಾಣಪತ್ರವೂ ಬೇಕು. ಇಂಗ್ಲಿಷಿನಲ್ಲಿ ‘ಹೋಗಿದ್ದಾರೆ’ಗೂ ‘ಹೋಗಿದ್ದಾನೆ’ಗೂ ವ್ಯತ್ಯಾಸವಿಲ್ಲ ಎಂದು ಅನುವಾದಕರು ಸಂಕೋಚದಿಂದಲೇ ಹೇಳಿದರು. ಪರವಾಗಿಲ್ಲ, ಹಾಗೇ ಇರಲಿ ಎಂದಳು ಹುಡುಗಿ.