ಫುಟ್‌ಬಾಲ್ ಗ್ಯಾಲರಿಯಲ್ಲಿ ಬಿಯರ್: ಬೇಕೋ, ಬೇಡವೋ?

ಪರ: ಗೇಟಿನ ಹೊರಗಿನ ನೈಂಟಿಗಿಂತ ಒಳಗಿನ ಕಪ್ ಮೇಲು

ಹುಬ್ಬಳ್ಳಿಯಲ್ಲಿ ಸಂಜೆ ನಾಲ್ಕಕ್ಕೆ ಟಿಕೆಟ್ ಇಟ್ಟ ಪಂದ್ಯವೊಂದಿದೆ ಎಂದುಕೊಳ್ಳಿ. ಮೂರೂವರೆಗೆ ಮೈದಾನದ ಹತ್ತಿರದ ಬಾರ್‌ಗಳು ತುಂಬಿರುತ್ತವೆ. ಬಾರಿನ ದರ ಕೊಡಲಾಗದವರು ವೈನ್ ಶಾಪಿನ ಬಾಜೂಕ ನಿಂತು, 90 ಎಂ.ಎಲ್. ವಿಸ್ಕಿಯ ಟೆಟ್ರಾ ಪ್ಯಾಕಿನ, ಅಂದರೆ ನೈಂಟಿಯ, ಮೂಲೆ ಹರಿದು, ನೀರು ಬೆರೆಸಿ ಎರಡೇ ಗುಟುಕಿಗೆ ಮುಗಿಸುತ್ತಾರೆ. ಒಳಗೆ ಸಿಗುವುದಿಲ್ಲವೆಂದು ಗೊತ್ತಿರುವುದರಿಂದ ಎರಡು ತಾಸಿಗೆ ಆಗುವಷ್ಟನ್ನು ಹತ್ತು ನಿಮಿಷದಲ್ಲಿ ಹೊಟ್ಟೆಗೆ ಇಳಿಸುತ್ತಾರೆ. ಕುಡಿದದ್ದು ರಕ್ತದಲ್ಲಿ ತುತ್ತತುದಿಗೆ ಏರಲು ಅರ್ಧ ತಾಸಿನಿಂದ ಒಂದೂವರೆ ತಾಸು ಬೇಕು. ಹೀಗಾಗಿ ಗೇಟಿನಲ್ಲಿ ತಪಾಸಣೆ ಮಾಡುವಾಗ ನೆಟ್ಟಗೆ ನಿಂತಿದ್ದ ಮನುಷ್ಯನಿಗೆ ಅಮಲು ಏರುವುದು ಗ್ಯಾಲರಿಯಲ್ಲಿ ಕೂತ ಮೇಲೆ, ಮೊದಲರ್ಧದ ನಡುವೆ.

ಲೆಕ್ಕ ನೋಡಿ. ಶೇ 42.8ರ ವಿಸ್ಕಿಯ ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 5ರ ಬಿಯರಿನ 330 ಎಂ.ಎಲ್. ಕಪ್ಪಿನಲ್ಲಿ ಇರುವುದು 13 ಗ್ರಾಂ. ಒಂದು ನೈಂಟಿ ಎಂದರೆ ಎರಡೂಕಾಲು ಕಪ್ ಬಿಯರ್. ಅಷ್ಟು ಬಿಯರ್ ಕುಡಿಯಲು ಮುಕ್ಕಾಲು ಲೀಟರ್ ದ್ರವ ಹೊಟ್ಟೆಗೆ ಹೋಗಬೇಕು. ನೈಂಟಿಗೆ ಅರ್ಧ ನಿಮಿಷ ಸಾಕು. ಒಳಗೆ ಬಿಯರ್ ಬೇಡ ಎನ್ನುವ ನಿಯಮ ಈ ಭಾಗದಲ್ಲಿ ಮಾಡುವ ಕೆಲಸ ಇಷ್ಟೇ: ತೆಳುವಾದದ್ದನ್ನು ಬಿಡಿಸಿ ಗಡುಸಾದದ್ದನ್ನು ಹಿಡಿಸುತ್ತದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗಲೂ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಬದಲಾಯಿತು. ಗಣೇಶ ವಿಸರ್ಜನೆಗೆ ಅಂಗಡಿ ಮುಚ್ಚಿಸಿದರೆ ಹಿಂದಿನ ದಿನವೇ ದಾಸ್ತಾನು ಮನೆ ಸೇರುವುದು ಊರಿಗೆಲ್ಲ ಗೊತ್ತಿರುವ ಸಂಗತಿ.

ಇಂಗ್ಲೆಂಡಿನಲ್ಲಿ 1985ರ ಕಾಯ್ದೆಯ ಪ್ರಕಾರ, ಮೇಲಿನ ಐದು ದರ್ಜೆಗಳ ಪುರುಷರ ಪಂದ್ಯಗಳಲ್ಲಿ ಆಟದ ಅಂಗಳ ಕಣ್ಣಿಗೆ ಕಾಣುವ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಗ್ಯಾಲರಿಯ ಹಿಂದಿನ ಪಡಸಾಲೆಯಲ್ಲಿ ಕುಡಿಯಬಹುದು. ಇದರಿಂದ 15 ನಿಮಿಷದ ವಿರಾಮದಲ್ಲಿ ಎಲ್ಲರೂ ಆ ಇಕ್ಕಟ್ಟಿನ ಜಾಗಕ್ಕೆ ನುಗ್ಗಿ, ಗಡಬಡಿಸಿ ಕುಡಿದು ಹಿಂತಿರುಗುತ್ತಾರೆ. 2021ರಲ್ಲಿ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನಾ ವರದಿ ಈ ಅವಸರದ ಕುಡಿತವನ್ನೇ ಎತ್ತಿ ತೋರಿಸಿ, ಕೆಳ ದರ್ಜೆಯ ಪಂದ್ಯಗಳಲ್ಲಿ ಪ್ರಯೋಗ ಮಾಡಿ ನೋಡಿ ಎಂದಿತು. ಅದೇ ದೇಶದಲ್ಲಿ ರಗ್ಬಿ, ಕ್ರಿಕೆಟ್ ನೋಡುವವರು ಆಸನದಲ್ಲೇ ಕೂತು ಬಿಯರ್ ಕುಡಿಯುತ್ತಾರೆ. ಫುಟ್‌ಬಾಲ್ ನೋಡುವವರು ಮಾತ್ರ ಹುಟ್ಟಾ ಪುಂಡರು ಎಂಬ ಎಣಿಕೆ ಈ ಕಾಯ್ದೆಯೊಳಗೆ ಅವಿತಿದೆ.

ಆ ಎಣಿಕೆಗೆ ತೆತ್ತ ಬೆಲೆ ದೊಡ್ಡದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕವರಲ್ಲಿ ಒಟ್ಟು 97 ಮಂದಿ ಜೀವ ಕಳೆದುಕೊಂಡರು. ಕುಡಿದು ತಡವಾಗಿ ಬಂದ ಅಭಿಮಾನಿಗಳೇ ಕಾರಣ ಎಂದು ಪೊಲೀಸರು ಹೇಳಿದರು. ಸತ್ತ ಮಕ್ಕಳ ರಕ್ತದಲ್ಲೂ ಮದ್ಯ ಹುಡುಕಲಾಯಿತು. 27 ವರ್ಷ ಕಳೆದು, 2016ರಲ್ಲಿ ಸಾವಿನ ಕಾರಣದ ವಿಚಾರಣೆ ನಡೆಸಿದ ಜ್ಯೂರಿ ಅಭಿಮಾನಿಗಳದ್ದು ತಪ್ಪಿಲ್ಲ ಎಂದಿತು. ತಪ್ಪು ಗೇಟು ತೆರೆದ ರೀತಿಯಲ್ಲಿತ್ತು, ಆಗಲೇ ತುಂಬಿದ್ದ, ಸುತ್ತ ಕಂಬಿ ಹಾಕಿದ ಗ್ಯಾಲರಿಯ ಕಡೆಗೆ ಹೋಗುವ ಸುರಂಗವನ್ನು ಮುಚ್ಚದೇ ಬಿಟ್ಟದ್ದರಲ್ಲಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 2025ರ ಜೂನ್ 4ರಂದು 11 ಜನ ಸತ್ತದ್ದೂ ಗೇಟಿನ ಮುಂದಿನ ನೂಕಾಟದಲ್ಲಿ. ಬಾಟ್ಲಿಯ ಮೇಲೆ ಗೂಬೆ ಕೂರಿಸಿದರೆ ಗೇಟು, ದಾರಿ, ಬಂದ ಜನರ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಇಲ್ಲಿ ಮಾಡುವುದು ಹೇಗೆ? ಅಬಕಾರಿ ಇಲಾಖೆಯ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಮದುವೆ-ಪಾರ್ಟಿಗಳಂಥ ಕಾರ್ಯಕ್ರಮಗಳಿಗೆ ಇದ್ದೇ ಇದೆ. ಮಾರುವುದು ಶೇ 5 ಮೀರದ ಬಿಯರ್ ಮಾತ್ರ. ಸ್ಟ್ರಾಂಗ್ ಇಲ್ಲ, ವಿಸ್ಕಿ ಇಲ್ಲ, ಗಾಜಿನ ಬಾಟ್ಲಿ-ಕ್ಯಾನ್ ಯಾವುದೂ ಕೈಗೆ ಹೋಗುವುದಿಲ್ಲ, ಕಾಗದದ ಕಪ್ಪಿಗೆ ಬಗ್ಗಿಸಿಯೇ ಕೊಡುವುದು. ಪ್ರವೇಶದಲ್ಲಿ ಆಧಾರ್ ಅಥವಾ ಲೈಸೆನ್ಸ್ ನೋಡಿ 21 ತುಂಬಿದವರ ಕೈಗೆ ಪಟ್ಟಿ ಕಟ್ಟಬೇಕು, ಪಟ್ಟಿಗೆ ಎರಡು ಹರಿಯುವ ತುಂಡು. ಒಂದು ಕಪ್ಪಿಗೆ ಒಂದು ತುಂಡು, ತುಂಡು ಮುಗಿದರೆ ಬಿಯರೂ ಮುಗಿಯಿತು.

ಎಷ್ಟು ಕೌಂಟರ್ ಎಂಬುದೇ ಇದರಲ್ಲಿ ಮುಖ್ಯ, ಸಂಘಟಕರು ಎಡವುವುದೂ ಇಲ್ಲೇ. 2,000 ಜನ ಬಂದು 500 ಮಂದಿ ಕುಡಿಯುವವರು ಎಂದಿಟ್ಟುಕೊಳ್ಳಿ. ಕೂಪನ್ ಮೊದಲೇ ಕೊಂಡಿದ್ದರೂ ಒಂದು ಕಪ್ಪಿಗೆ 20 ಸೆಕೆಂಡ್ ಹಿಡಿಯುತ್ತದೆ. ವಿರಾಮದಲ್ಲಷ್ಟೇ ಮಾರಿದರೆ ಒಂದು ಕೌಂಟರಿನಲ್ಲಿ 45 ಕಪ್ ಹೋಗುತ್ತವೆ, 500 ಜನರಿಗೆ 12 ಕೌಂಟರ್ ಬೇಕು. ಹಾಕುವುದು ಮೂರು. ಅಲ್ಲಿಂದ ನೂಕಾಟ, ಬೈಗುಳ, ಜಗಳ. ಅದರ ಬದಲು ಮೂರು ಗಂಟೆಗೆ ಗೇಟು ತೆರೆದ ಕೂಡಲೇ ಶುರು ಮಾಡಿ, ಐದಕ್ಕೆ ದ್ವಿತೀಯಾರ್ಧದ ಸೀಟಿ ಊದುವಾಗ ನಿಲ್ಲಿಸಿದರೆ ಎರಡು ತಾಸು ಸಿಗುತ್ತದೆ. ಅದೇ ಮೂರು ಕೌಂಟರಿನಲ್ಲಿ ಸಾವಿರ ಕಪ್ ಸಲೀಸಾಗಿ ಹೋಗುತ್ತವೆ, ಯಾರೂ ಓಡಬೇಕಿಲ್ಲ. ಆಸನಕ್ಕೆ ಒಯ್ಯಲು ಬಿಡಬೇಕು ಎನ್ನುವುದು ಇದಕ್ಕೇ. ಇನ್ನೊಂದು ಎಚ್ಚರಿಕೆ: ಏಪ್ರಿಲ್-ಮೇ ಬಿಸಿಲಿನಲ್ಲಿ ಕೆಗ್ (ಬಿಯರ್ ತುಂಬಿದ ಪೀಪಾಯಿ) ಬಿಸಿಯಾದರೆ ನಲ್ಲಿಯಿಂದ ಬರುವುದು ಬರೀ ನೊರೆ. 30 ಲೀಟರಿನ ಕೆಗ್ಗಿನಿಂದ 85-90 ಕಪ್ ಬರಬೇಕಾದದ್ದು ಎಷ್ಟೋ ಕಡಿಮೆಯಾಗಿ ಸರತಿ ನಿಂತುಬಿಡುತ್ತದೆ. ಕೆಗ್ಗನ್ನು ಹಿಂದಿನ ರಾತ್ರಿಯಿಂದಲೇ ತಣ್ಣಗಿಡಬೇಕು, ಮಂಜುಗಡ್ಡೆಯಲ್ಲಿ ಹುಗಿದಿಡಬೇಕು.

ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ತನ್ನ ಕ್ರೀಡಾಂಗಣದಲ್ಲಿ 2011ರಿಂದ ಬಿಯರ್ ಮಾರತೊಡಗಿತು. ವಿರಾಮದಲ್ಲಿ ಹೊರಗೆ ಹೋಗಿ ಕುಡಿದು ಮರಳುವುದನ್ನು ಅದರ ಜೊತೆಗೇ ನಿಲ್ಲಿಸಿತು. ಪಂದ್ಯದ ದಿನದ ಪೊಲೀಸ್ ಪ್ರಕರಣಗಳು ಇಳಿದವು. ಜರ್ಮನಿಯಲ್ಲಿ ಬಿಯರ್ ಆಸನದವರೆಗೂ ಬರುತ್ತದೆ, ಗಲಾಟೆಯ ಭಯವಿರುವ ಪಂದ್ಯಕ್ಕೆ ಮಾತ್ರ ಆಲ್ಕೋಹಾಲ್ ಇಲ್ಲದ ಬಿಯರ್ ಕೊಡುತ್ತಾರೆ. ಯುರೋಪಿನ ಒಕ್ಕೂಟವಾದ ಯುಇಎಫ್‌ಎ ಕೂಡ 2018ರಲ್ಲಿ ತನ್ನ ನಿಷೇಧ ತೆಗೆದು, ಆಯಾ ದೇಶದ ಕಾನೂನಿಗೆ ಬಿಟ್ಟಿತು. ಹುಬ್ಬಳ್ಳಿ-ಧಾರವಾಡದಲ್ಲೂ ಪಂದ್ಯ ನೋಡಿ ತೀರ್ಮಾನಿಸಬಹುದು: ಎರಡು ಓಣಿಗಳ ನಡುವೆ ಹಳೆಯ ಜಿದ್ದಿರುವ ಫೈನಲ್ಲಿಗೆ ಬೇಡ, ಹೊರಗಿನ ತಂಡಗಳ ಆಹ್ವಾನಿತ ಪಂದ್ಯಕ್ಕೆ ಇರಲಿ. ಒಂದು ಗ್ಯಾಲರಿ ಕುಟುಂಬಗಳಿಗೆಂದೇ ಇರಲಿ, ಅಲ್ಲಿಗೆ ಕಪ್ ಹೋಗಕೂಡದು. ಮೊದಲ ಮೂರು ಪಂದ್ಯಗಳಲ್ಲಿ ಎಷ್ಟು ಕಪ್ ಹೋಯಿತು, ಎಷ್ಟು ಮಂದಿಯನ್ನು ಹೊರಗೆ ಕಳಿಸಬೇಕಾಯಿತು ಎಂಬುದನ್ನು ಪೊಲೀಸರ ಎದುರೇ ಬರೆದಿಡಿ. ನಾಲ್ಕನೆಯ ಪಂದ್ಯಕ್ಕೆ ಸನ್ನದು ಕೊಡಬೇಕೋ ಬೇಡವೋ ಎಂಬುದನ್ನು ಆ ವಹಿಯೇ ಹೇಳಲಿ.

ವಿರೋಧ: ಆಟ ಮುಗಿದ ಮೇಲೆ ಬೈಕಿಗೆ ಕಿಕ್ ಹೊಡೆಯುವವರು ಯಾರು?

ಮೇಲಿನ ವಾದದಲ್ಲಿ ಕಪ್ಪಿನ ಲೆಕ್ಕ, ಕೌಂಟರಿನ ಲೆಕ್ಕ, ಕೆಗ್ಗಿನ ಲೆಕ್ಕ ಎಲ್ಲ ಇದೆ. ಪಾರ್ಕಿಂಗ್ ಜಾಗದ ಲೆಕ್ಕ ಇಲ್ಲ.

ಲಂಡನ್ನಿನ ಅಭಿಮಾನಿ ರೈಲಿನಲ್ಲಿ ಮನೆಗೆ ಹೋಗುತ್ತಾನೆ. ನಮ್ಮಲ್ಲಿ ಪಂದ್ಯಕ್ಕೆ ಬರುವುದು ಬೈಕಿನ ಮೇಲೆ, ಅದೂ ಒಂದರ ಮೇಲೆ ಮೂವರು. ಚಿಗರಿ ಬಸ್ ಇದೆ ಎನ್ನಬಹುದು. ಅದು ಹುಬ್ಬಳ್ಳಿ-ಧಾರವಾಡ ನಡುವಿನ ಒಂದೇ ಗೆರೆಯ ಮೇಲೆ ಓಡುತ್ತದೆ. ಕುಂದಗೋಳ, ಕಲಘಟಗಿ, ನವಲಗುಂದದಿಂದ ಬಂದವರು, 60 ಕಿ.ಮೀ. ಆಚೆಯ ಗದಗಿನಿಂದ ಬಂದವರು ಸಂಜೆ ಕತ್ತಲಲ್ಲಿ ಹೆದ್ದಾರಿ ಹಿಡಿಯಬೇಕು.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಚಾಲಕನ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರಕೂಡದು. 60 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಆ 13 ಗ್ರಾಮಿನ ಒಂದು ಕಪ್ ಕುಡಿದರೆ ರಕ್ತದ ಮಟ್ಟ ಸುಮಾರು 32ಕ್ಕೆ ಹೋಗುತ್ತದೆ. ಪಟ್ಟಿಯ ಎರಡೂ ತುಂಡು ಹರಿಸಿದರೆ ಒಟ್ಟು 64. ದೇಹ ತಾಸಿಗೆ ಅಂದಾಜು 15 ಇಳಿಸುತ್ತದೆ. ಒಂದು ಕಪ್ ಆಟ ಶುರುವಾಗುವಾಗ, ಇನ್ನೊಂದು ವಿರಾಮದಲ್ಲಿ ಕುಡಿದರೂ ಆಟ ಮುಗಿದು ಬೈಕಿನ ಹತ್ತಿರ ಬರುವಾಗ ಅವನು 34ರ ಸುಮಾರಿನಲ್ಲಿರುತ್ತಾನೆ. ಸಂಘಟಕರು ಹಾಕಿಕೊಟ್ಟ ಮಿತಿಯನ್ನು ಅಕ್ಷರಶಃ ಪಾಲಿಸಿದವನೇ ಗೇಟಿನ ಹೊರಗೆ 10,000 ರೂಪಾಯಿ ದಂಡಕ್ಕೆ, ಆರು ತಿಂಗಳವರೆಗಿನ ಸಜೆಗೆ, ಇಲ್ಲವೇ ಎರಡಕ್ಕೂ ಗುರಿ. ಉಂಡು ಬಂದಿದ್ದರೆ ಸ್ವಲ್ಪ ಕಡಿಮೆ, ಸಣಕಲು ಹುಡುಗನಾದರೆ ಇನ್ನೂ ಹೆಚ್ಚು. ದಂಡದ ಮಾತು ಹಾಗಿರಲಿ, ಅವನ ಹಿಂದೆ ಕೂತ ಇಬ್ಬರ ಜೀವ ಅವನ ಕೈಯಲ್ಲಿರುತ್ತದೆ.

ತೆಳು ಬಿಯರ್ ಸಿಕ್ಕರೆ ನೈಂಟಿ ಬಿಡುತ್ತಾರೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಕ್ರೀಡಾಂಗಣದೊಳಗಿನ ದರ ಎಂದಿಗೂ ಅಂಗಡಿಯ ದರಕ್ಕಿಂತ ಹೆಚ್ಚೇ ಇರುತ್ತದೆ. ದುಡ್ಡು ನೋಡಿ ಕುಡಿಯುವವನು ಹೊರಗೆ ಅಗ್ಗದ್ದನ್ನು ಮುಗಿಸಿಕೊಂಡೇ ಬರುತ್ತಾನೆ, ಒಳಗಿನ ಎರಡು ಕಪ್ ಅದರ ಮೇಲೆ ಬೀಳುತ್ತದೆ. ನಮ್ಮ ಕಡೆ ಬಿಯರ್ ಎಂದರೆ ಬಹುಪಾಲು ಮಂದಿಗೆ ಶೇ 8ರವರೆಗಿನ ಸ್ಟ್ರಾಂಗ್. ಶೇ 5ರದ್ದು ಕೊಟ್ಟರೆ ‘ಇದು ನೀರು’ ಎನ್ನುತ್ತಾರೆ. ಕೆಗ್ ಉಳಿದರೆ ನಷ್ಟ ಸಂಘಟಕರಿಗೆ, ಎರಡನೆಯ ವರ್ಷ ಸ್ಟ್ರಾಂಗಿಗೆ ಅರ್ಜಿ ಹಾಕುವವರೂ ಅವರೇ.

ವೆಸ್ಟ್ ವರ್ಜೀನಿಯಾದ ಉದಾಹರಣೆಯನ್ನು ಇನ್ನೊಮ್ಮೆ ಓದಿ. ಅಲ್ಲಿ ಎರಡು ಬದಲಾವಣೆ ಒಟ್ಟಿಗೇ ಆದವು: ಬಿಯರ್ ಬಂತು, ಹೊರಗೆ ಹೋಗಿ ಮರಳುವುದು ನಿಂತಿತು. ಗಲಾಟೆ ಇಳಿಸಿದ್ದು ಯಾವುದು? ಒಮ್ಮೆ ಒಳಗೆ ಬಂದವರು ಆಟ ಮುಗಿಯುವವರೆಗೆ ಮರಳಿ ಬರುವಂತಿಲ್ಲ ಎಂಬ ನಿಯಮವನ್ನು ಬಿಯರ್ ಇಲ್ಲದೆಯೂ ತರಬಹುದು. ಅದಕ್ಕೆ ಖರ್ಚೂ ಇಲ್ಲ, ಸನ್ನದೂ ಬೇಡ.

ಹಿಲ್ಸ್‌ಬರೊ ಬಗ್ಗೆ ಪರ ವಾದ ಹೇಳಿದ್ದು ನಿಜ. ಅಭಿಮಾನಿಗಳ ಮೇಲೆ ಹೊರಿಸಿದ ಆ ಸುಳ್ಳನ್ನು ಯಾರೂ ಮತ್ತೆ ಹೇಳಬಾರದು. ಆದರೆ ಕುಡಿತ ಎಲ್ಲೂ ಕಾರಣವೇ ಅಲ್ಲ ಎಂದು ಅದರಿಂದ ತೀರ್ಮಾನಿಸಲಾಗದು. 1980ರ ಮೇ 10ರಂದು ಗ್ಲಾಸ್ಗೋದ ಹ್ಯಾಂಪ್‌ಡೆನ್ ಪಾರ್ಕಿನಲ್ಲಿ ಸೆಲ್ಟಿಕ್-ರೇಂಜರ್ಸ್ ಫೈನಲ್ ಮುಗಿದ ಮೇಲೆ ಎರಡೂ ಕಡೆಯವರು ಅಂಗಳಕ್ಕೆ ಇಳಿದು ಬಾಟ್ಲಿ-ಕ್ಯಾನುಗಳಿಂದ ಬಡಿದಾಡಿದರು, ಕುದುರೆ ಪೊಲೀಸರು ನುಗ್ಗಬೇಕಾಯಿತು. ಆ ವರ್ಷವೇ ಸ್ಕಾಟ್ಲೆಂಡಿನ ಕ್ರೀಡಾಂಗಣಗಳಲ್ಲಿ ಮದ್ಯ ತಡೆಯುವ ಕಾಯ್ದೆ ಬಂತು. ಕತಾರಿನಲ್ಲಿ 2022ರ ವಿಶ್ವಕಪ್ಪಿಗೆ ಎರಡು ದಿನ ಬಾಕಿ ಇರುವಾಗ ಕ್ರೀಡಾಂಗಣದ ಸುತ್ತ ಬಿಯರ್ ಮಾರಾಟ ನಿಲ್ಲಿಸಿದರು. ಪ್ರಾಯೋಜಕರಿಗೆ ಸಿಟ್ಟು ಬಂದಿತು, ಪಂದ್ಯಗಳು ಮಾತ್ರ ಸುರಳೀತ ನಡೆದವು. ಇಂಗ್ಲೆಂಡ್, ವೇಲ್ಸ್ ಅಭಿಮಾನಿಗಳಲ್ಲಿ ಒಬ್ಬರ ಬಂಧನವೂ ಆಗಲಿಲ್ಲ ಎಂದು ಬ್ರಿಟಿಷ್ ಪೊಲೀಸರೇ ಹೇಳಿದರು.

ಇನ್ನು ಕೈಪಟ್ಟಿ. ಧಾರವಾಡದ ಮೈದಾನಕ್ಕೆ ಬರುವವರಲ್ಲಿ ಕಾಲೇಜು ಹುಡುಗರೇ ಬಹಳ. ಪದವಿಯ ಮೂರು ವರ್ಷ ಎಂದರೆ 18ರಿಂದ 21. ಒಂದೇ ಬೆಂಚಿನ ಮೇಲೆ 22ರವನು, ಅವನ ಪಕ್ಕದಲ್ಲಿ 19ರವನು. ಕಪ್ ಕೈಯಿಂದ ಕೈಗೆ ದಾಟುವುದನ್ನು ಪಟ್ಟಿ ತಡೆಯುವುದಿಲ್ಲ. ತಡೆಯಬೇಕಾದವರು ಯಾರು? ಇಂಗ್ಲೆಂಡಿನಲ್ಲಿ ತರಬೇತಿ ಪಡೆದ, ಸಂಬಳದ ಸ್ಟೂವರ್ಡ್‌ಗಳಿರುತ್ತಾರೆ, ಕುಡಿದು ತೂರಾಡುವವನನ್ನು ಹೊರಗೆ ಹಾಕುವುದು ಅವರ ಕೆಲಸ. ಇಲ್ಲಿ ಹಗ್ಗ ಹಿಡಿದು ನಿಲ್ಲುವವರು ಕ್ಲಬ್ಬಿನ ಹುಡುಗರು. ತಮ್ಮದೇ ಓಣಿಯ ಹಿರಿಯನಿಗೆ ‘ಅಣ್ಣಾ, ಸಾಕು, ಹೊರಗ ನಡೀರಿ’ ಎಂದು ಹೇಳಲು ಅವರ ಬಾಯಿ ಬರುವುದಿಲ್ಲ. ಹೇಳಿದರೆ ಆ ಮಾತು ಪಂದ್ಯದೊಂದಿಗೆ ಮುಗಿಯುವುದಿಲ್ಲ, ಮರುದಿನ ಓಣಿಯಲ್ಲಿ ಮುಂದುವರಿಯುತ್ತದೆ.

ನಮ್ಮ ಊರ ನಡುವಿನ ಮೈದಾನಗಳ ಸುತ್ತ ಶಾಲೆ, ಗುಡಿ, ಮಸೀದಿ, ದವಾಖಾನೆ ಇವೆ. ಮದ್ಯದಂಗಡಿಗೆ ಇವುಗಳಿಂದ 100 ಮೀಟರ್ ದೂರವಿರಬೇಕು ಎಂದು ಅಬಕಾರಿ ನಿಯಮವೇ ಹೇಳುತ್ತದೆ. ಅದೇ ನ್ಯಾಯ ಮೈದಾನಕ್ಕೂ ಸಲ್ಲಬೇಕು. ಬೆಳಿಗ್ಗೆ ಶಾಲಾ ಹುಡುಗರು ಆಡಿದ ಅಂಗಳದ ಬದಿಯಲ್ಲೇ ಸಂಜೆ ಕೆಗ್ ಇಳಿಸುವುದು ಒಪ್ಪತಕ್ಕ ಮಾತಲ್ಲ. ಕುಟುಂಬದ ಗ್ಯಾಲರಿ ಬೇರೆ ಮಾಡುತ್ತೇವೆ ಎನ್ನುತ್ತಾರೆ. ಗ್ಯಾಲರಿ ಬೇರೆಯಾದರೂ ಹೊರಹೋಗುವ ಗೇಟು ಒಂದೇ. ತಂಗಿಯನ್ನು, ಮಗಳನ್ನು ಕರೆತಂದವರು ಆ ಗೇಟಿನಲ್ಲಿ ಒಮ್ಮೆ ಕುಡುಕರ ನಡುವೆ ಸಿಕ್ಕಿಕೊಂಡರೆ ಮುಂದಿನ ಪಂದ್ಯಕ್ಕೆ ಕರೆತರುವುದಿಲ್ಲ. ಹೆಣ್ಣುಮಕ್ಕಳು ಈಗಷ್ಟೇ ನೋಡಲು, ಆಡಲು ಬರತೊಡಗಿದ್ದಾರೆ.

ಸಂಘಟಕರು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಪಂದ್ಯಕ್ಕೆ ಎರಡು ತಾಸು ಮೊದಲಿನಿಂದ ಹತ್ತಿರದ ವೈನ್ ಶಾಪ್ ಮುಚ್ಚಿಸಲು ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಕೊಡಲಿ, ವಿಸರ್ಜನೆಯ ದಿನ ಆ ಕಚೇರಿ ಮಾಡಿಸುವ ಕೆಲಸವೇ ಅದು. ಗೇಟನ್ನು ಒಂದೂವರೆ ತಾಸು ಮೊದಲೇ ತೆರೆದರೆ ಬಾರಿನಲ್ಲಿ ಹೊತ್ತು ಕಳೆಯುವವರು ಒಳಗೆ ಬಂದು ಕೂರುತ್ತಾರೆ. ಗಿರಮಿಟ್ಟು, ಮಿರ್ಚಿ, ಮಜ್ಜಿಗೆಯ ಗಾಡಿ ಒಳಗಿರಲಿ, ಕುಡಿಯುವ ನೀರು ಪುಕ್ಕಟೆ ಇರಲಿ. ಬಿಯರ್ ಮೂತ್ರವನ್ನೂ ಹೆಚ್ಚಿಸುತ್ತದೆ. 500 ಮಂದಿ ಎರಡೆರಡು ಕಪ್ ಕುಡಿದರೆ ವಿರಾಮದಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮ ಮೈದಾನಗಳ ಕಂಪೌಂಡ್ ಗೋಡೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಗ್ಗಿಗೆ, ಮಂಜುಗಡ್ಡೆಗೆ, ಸನ್ನದಿನ ಶುಲ್ಕಕ್ಕೆ ಹಾಕುವ ದುಡ್ಡಿದ್ದರೆ ಮೊದಲು ಹೆಣ್ಣುಮಕ್ಕಳ ಕಡೆ ನೀರು, ಚಿಲಕ, ದೀಪ ಇರುವ ನಾಲ್ಕು ಶೌಚಾಲಯ ಕಟ್ಟಿಸಲಿ.